ಕುಗ್ಗಿನ ಪಟ್ಟಿ

ಬಡಿಗೇರ ರಾಮಲಿಂಗ ಮತ್ತು ಅವನ ಮಗಳು ತ್ರಿವೇಣಿ ಮಾತು ಬಿಟ್ಟು ಹನ್ನೊಂದು ದಿನಗಳಾಗಿದ್ದವು. ಮಾತು ಬಿಟ್ಟವರು ಇಬ್ಬರು, ಕೆಲಸ ಹೆಚ್ಚಾದದ್ದು ಪದ್ಮವ್ವನಿಗೆ. ಖಾನಾಪುರದ ಆ ಎರಡು ಕೋಣೆಯ ಮನೆಯಲ್ಲಿ ಈಗ ಎರಡು ಸಲ ಚಹಾ ಕಾಸಬೇಕಿತ್ತು, ಎರಡು ಸಲ ತಾಟು ಹಾಕಬೇಕಿತ್ತು. ಗಂಡನ ಮಾತನ್ನು ಮಗಳಿಗೆ, ಮಗಳ ಮಾತನ್ನು ಗಂಡನಿಗೆ ಒಯ್ಯಬೇಕಿತ್ತು.

"ಅಪ್ಪಗ ಹೇಳು, ಫೌಂಡ್ರಿ ಗನಿ ಸಾಹೇಬರು ಬುಧವಾರ ಬರತಾರಂತ," ಎಂದಳು ತ್ರಿವೇಣಿ, ಜಡೆ ಹಾಕಿಕೊಳ್ಳುತ್ತ.

ರಾಮಲಿಂಗ ಆರು ಅಡಿ ದೂರದಲ್ಲಿ, ಹಿತ್ತಲ ಬಾಗಿಲಲ್ಲಿ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆಯುತ್ತಿದ್ದ. ಪದ್ಮವ್ವ ರೊಟ್ಟಿಯ ಕೈ ಒರೆಸಿಕೊಂಡು ಎದ್ದುಹೋದಳು.

"ಗನಿ ಸಾಹೇಬರು ಬುಧವಾರ ಬರತಾರಂತ್ರಿ."

"ಕೇಳಿಸ್ತು."

"ಕೇಳಿಸಿದ್ರ ಅಕಿಗೇ ಹೂಂ ಅನ್ರಿ."

"ನಿನಗಂದ್ನಲ್ಲ, ಸಾಕು."

ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ರಾಮಲಿಂಗನ ತಾಯಿ ಮಾಯಕ್ಕ ತಂಬಾಕಿನ ಬಾಯಿಂದಲೇ ನಕ್ಕಳು. "ಟಪಾಲ ಕಚೇರಿ ನಮ್ಮ ಮನ್ಯಾಗ ಐತಿ. ತಿಕೀಟು ಹಚ್ಚೂದೂ ಬ್ಯಾಡ."

ಜಗಳ ಹುಟ್ಟಿದ್ದು ಒಂದು ಹಿತ್ತಾಳೆಯ ಅಳತೆಪಟ್ಟಿಯಿಂದ.

ರಾಮಲಿಂಗ ಎರಕ ಹೊಯ್ಯುವ ಫೌಂಡ್ರಿಗಳಿಗೆ ಕಟ್ಟಿಗೆಯ ಪ್ಯಾಟರ್ನ್ ಮಾಡುವವನು. ಕಬ್ಬಿಣದ ಯಾವ ಭಾಗ ಬೇಕೋ ಅದನ್ನು ಮೊದಲು ಸಾಗವಾನಿಯಲ್ಲಿ ಕೊರೆಯಬೇಕು. ಫೌಂಡ್ರಿಯವರು ಅದನ್ನು ಮರಳಿನಲ್ಲಿ ಒತ್ತಿ ತೆಗೆದು, ಆ ಗುಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರಿದಾಗ ಮೀಟರಿಗೆ ಹತ್ತು ಮಿಲಿಮೀಟರ್ ಕುಗ್ಗುತ್ತದೆ. ಆದ್ದರಿಂದ ಕಟ್ಟಿಗೆ ಅಷ್ಟು ದೊಡ್ಡದಿರಬೇಕು. ರಾಮಲಿಂಗ ಇದಕ್ಕೆ ಲೆಕ್ಕ ಹಾಕುತ್ತಿರಲಿಲ್ಲ. ಅವನ ಗುರು ಲಕ್ಷ್ಮಪ್ಪ ಮಿಸ್ತ್ರಿ ಕೊಟ್ಟ ಹಿತ್ತಾಳೆಯ ಪಟ್ಟಿಯಲ್ಲಿ ಒಂದೊಂದು ಗೀಟೂ ಸಾದಾ ಪಟ್ಟಿಗಿಂತ ಆ ಕುಗ್ಗಿನಷ್ಟು ಹೆಚ್ಚು ದೂರ ಇತ್ತು. ನಕ್ಷೆಯಲ್ಲಿ ಬರೆದ ಅಂಕಿಯನ್ನು ಆ ಪಟ್ಟಿಯಿಂದ ಅಳೆದರೆ ಕಟ್ಟಿಗೆ ತಾನಾಗಿಯೇ ಬೇಕಾದಷ್ಟು ದೊಡ್ಡದಾಗುತ್ತಿತ್ತು. ಮನೆಯವರೆಲ್ಲ ಅದನ್ನು ಕುಗ್ಗಿನ ಪಟ್ಟಿ ಅನ್ನುತ್ತಿದ್ದರು. ದಸರೆಯ ಆಯುಧ ಪೂಜೆಗೆ ಮೊದಲ ಹೂವು ಅದಕ್ಕೇ.

ತ್ರಿವೇಣಿ ಡಿಪ್ಲೊಮಾ ಮುಗಿಸಿ ಬೆಳಗಾವಿ ದಾರಿಯ ಮಚ್ಛೆಯ ಡ್ರಾಯಿಂಗ್ ಕೇಂದ್ರಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಮಚ್ಛೆಯ ಸಣ್ಣ ಕಾರಖಾನೆಗಳ ಹದಿನಾಲ್ಕು ಮಾಲೀಕರು ಕೂಡಿ ಒಂದು ಕೋಣೆ ಹಿಡಿದು, ಎರಡು ಕಂಪ್ಯೂಟರು, ನಕ್ಷೆ ಬಿಡಿಸುವ ಸಾಫ್ಟ್‌ವೇರು, ಹಾಸಿಗೆಯಷ್ಟು ಅಗಲದ ಕಾಗದಕ್ಕೆ ಅಚ್ಚು ಹಾಕುವ ಒಂದು ಯಂತ್ರ ತಂದಿಟ್ಟಿದ್ದರು. ಯಾರೋ ಮುರಿದ ಗಾಲಿ ತರುತ್ತಿದ್ದರು, ಯಾರೋ ಬೀಡಿ ಕಟ್ಟಿನ ಮೇಲೆ ಗೀಚಿದ ಚಿತ್ರ. ತ್ರಿವೇಣಿ ಅಳೆದು ಬಿಡಿಸಿ ಕೊಡುತ್ತಿದ್ದಳು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು.

ಒಂದು ಬೆಳಗ್ಗೆ ಅವಳು ಹೇಳದೆ ಕೇಳದೆ ಆ ಹಿತ್ತಾಳೆಯ ಪಟ್ಟಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದಳು. ರಾಮಲಿಂಗ ಸ್ಟೇಶನ್ ರಸ್ತೆಯ ತನ್ನ ಶೆಡ್ಡಿನಲ್ಲಿ ಅದನ್ನು ಹುಡುಕುತ್ತ ಅರ್ಧ ದಿನ ಕಳೆದ. ಸಂಜೆ ಅವಳು ಅದನ್ನು ಚೀಲದಿಂದ ತೆಗೆದಾಗ ಅವನು ಊಟಕ್ಕೆ ಕುಳಿತಿದ್ದ.

"ನನ್ನ ಪಟ್ಟಿ ಅಲ್ಲಿ ಯಾಕ ಒಯ್ದಿದ್ದಿ?"

"ನೋಡಾಕ, ಅಪ್ಪ. ಗೀಟ ಎಲ್ಲಾ ಸವದಾವ. ನಿನಗ ಕಾಣೂದಿಲ್ಲ. ನೀ ಕಿಡಕಿಗೆ ಹಿಡದು ನೋಡೂದು ನಾ ನೋಡೇನಿ."

"ಅಲ್ಲಿ ಯಾರ್ಯಾರಿಗೆ ತೋರಿಸಿದಿ?"

"ಎಲ್ಲಾರೂ ನೋಡಿದ್ರು."

"ನಕ್ಕರೇನು?"

ತ್ರಿವೇಣಿಗೆ ಸುಳ್ಳು ಬರುತ್ತಿರಲಿಲ್ಲ. "ಒಬ್ಬರು ನಕ್ಕರು. ಮ್ಯೂಸಿಯಂಗ ಕೊಡ್ರಿ ಅಂದ್ರು."

ರಾಮಲಿಂಗ ತಾಟಿನಲ್ಲೇ ಕೈ ತೊಳೆದ. "ಇನ್ನ ಮ್ಯಾಲ ಈ ಮನ್ಯಾಗ ನನ್ನ ಪಟ್ಟಿ ಸುದ್ದಿ ಯಾರೂ ತಗೀಬಾರದು," ಎಂದು ಎದ್ದ. ಅರ್ಧ ತಿಂದ ರೊಟ್ಟಿಯನ್ನು ಪದ್ಮವ್ವ ಎಮ್ಮೆಗೆ ಹಾಕಿದಳು.

ಅಂದಿನಿಂದ ಪದ್ಮವ್ವನ ಓಡಾಟ. ಅವಳು ಮಾತುಗಳನ್ನು ಹಾಗೆಯೇ ಒಯ್ಯುತ್ತಿರಲಿಲ್ಲ. ಅಕ್ಕಿಯಲ್ಲಿ ಹರಳು ಆರಿಸಿದಂತೆ ಆರಿಸಿ ಒಯ್ಯುತ್ತಿದ್ದಳು. "ಕಣ್ಣ ತೋರಸ್ಕೋ ಅಂತ ಹೇಳು, ಹಠಾ ಮಾಡಿದ್ರ ಬಿಡು, ಕುಡ್ಡ ಆಗಲಿ," ಎಂದು ಮಗಳು ಸಿಟ್ಟಿನಲ್ಲಿ ಅಂದರೆ, ಶೆಡ್ಡಿಗೆ ಬುತ್ತಿ ಒಯ್ದಾಗ, "ನಿಮ್ಮ ಕಣ್ಣಿನ ಕಾಳಜಿ ಭಾಳ ಮಾಡತಾಳ್ರಿ," ಎನ್ನುತ್ತಿದ್ದಳು. "ಆ ಕಂಪ್ಯೂಟರ್ ಡಬ್ಬಿ ಮುಂದ ಕುಂತ ಅಕಿ ಕಣ್ಣ ಮೊದಲ ಹೋಗತಾವ," ಎಂದು ಅವನಂದರೆ, "ಅಪ್ಪ ನಿನ್ನ ಕಣ್ಣಿಗೆ ಹರಳೆಣ್ಣಿ ಹಚ್ಚಂದಾರ," ಎಂದು ಮಗಳ ಹಣೆಗೆ ಎಣ್ಣೆ ತಿಕ್ಕುತ್ತಿದ್ದಳು. ಬುತ್ತಿ ಬಿಚ್ಚುವ ಮೊದಲು ರಾಮಲಿಂಗ ದಿನಾ ಕೇಳುತ್ತಿದ್ದ: "ಏನಂತಾಳ ನಿನ್ನ ಮಗಳು?" ಆ ಒಂದು ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಅವಳು ಹತ್ತು ನಿಮಿಷದ ದಾರಿಯನ್ನು ಬೇಗ ಬೇಗ ನಡೆಯುತ್ತಿದ್ದಳು.

ಬುಧವಾರ ಗನಿ ಸಾಹೇಬರು ಬಂದರು. ಮಚ್ಛೆಯಲ್ಲಿ ಅವರ ಫೌಂಡ್ರಿ. ಒಂದು ಕಾಲಕ್ಕೆ ಒಂಬತ್ತು ಫೌಂಡ್ರಿಗಳಿಂದ ರಾಮಲಿಂಗನ ಶೆಡ್ಡಿಗೆ ಕೆಲಸ ಬರುತ್ತಿತ್ತು, ಈಗ ಉಳಿದದ್ದು ಇವರದೊಂದೇ.

"ನಲವತ್ತು ಪಂಪಿನ ತಳ ಬೇಕಾಗ್ಯಾವ ಮಿಸ್ತ್ರಿ," ಎಂದರು ಸಾಹೇಬರು, ಹೊರಸಿನ ಮೇಲೆ ಕುಳಿತು. "ನಕ್ಷೆ ತ್ರಿವೇಣಿ ತಗದ ಕೊಡತಾಳ. ಪ್ಯಾಟರ್ನ್ ನೀವು. ಖರೇ ಹೇಳತೇನಿ, ಕೊಲ್ಲಾಪುರದಾಗ ಕಟಿಗಿ ಕೊರಿಯೂ ಮಶೀನ ಬಂದೈತಿ. ನಕ್ಷೆ ಹಾಕಿದ್ರ ತಾನ ಕೊರೀತೈತಿ. ನನ್ನ ಅಣ್ಣನ ಮಕ್ಕಳು ಅಲ್ಲೇ ಕೊಡೂಣು ಅಂತಾರ. ನಾ ಒಂದ ಸಲ ನೋಡೂಣು ಅಂದೇನಿ. ತಂದಿ ಮಗಳು ಕೂಡಿ ಇದೊಂದು ಛಲೋ ಮಾಡಿ ಕೊಟ್ರ, ನಾ ಇರೂತನಕ ಕೊಲ್ಲಾಪುರದ ಮಾತಿಲ್ಲ."

"ಇಲ್ಲಂದ್ರ?" ಎಂದಳು ಮಾಯಕ್ಕ.

"ಇಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ, ಆಯಿ."

ಅವರು ಹೋದ ಮೇಲೆ ಮಾಯಕ್ಕ ಮಗನನ್ನು, ಮೊಮ್ಮಗಳನ್ನು ಒಬ್ಬೊಬ್ಬರಾಗಿ ನೋಡಿದಳು. "ಇನ್ನರ ಬಾಯಿ ತಗೀರಿ. ಶೆಡ್ಡ ಉಳೀಬೇಕೋ ಬ್ಯಾಡೋ?"

ರಾಮಲಿಂಗ ಶೆಡ್ಡಿನ ಕೀಲಿ ಎತ್ತಿಕೊಂಡ, ತ್ರಿವೇಣಿ ಹಿತ್ತಲಿಗೆ ನಡೆದಳು.

ಸಂಕ್ರಾಂತಿಗೆ ನಾಲ್ಕು ದಿನ ಇದ್ದಾಗ ನಕ್ಷೆ ತಯಾರಾಯಿತು. ಆ ದಿನ ಪದ್ಮವ್ವ ಎಳ್ಳು ಹುರಿಯುತ್ತಿದ್ದಳು. ಬಸ್ಸಿಗೆ ಹೊರಟು ನಿಂತ ತ್ರಿವೇಣಿ ಸುತ್ತಿದ ಕಾಗದ ಒಂದನ್ನು, ಅದರ ಜೊತೆ ಹೊಸ ಉಕ್ಕಿನ ಪಟ್ಟಿ ಒಂದನ್ನು ತಾಯಿಯ ಬದಿಗೆ ಇಟ್ಟಳು. ಪಟ್ಟಿಯ ಮೇಲೆ ದಪ್ಪ ಕರಿ ಗೀಟುಗಳು, ದೊಡ್ಡ ಅಂಕಿಗಳು.

"ಅವ್ವ, ಚಂದಂಗ ಕೇಳು. ಈ ನಕ್ಷೆಯೊಳಗ ಕುಗ್ಗು ನಾನ ಕೂಡಿಸೇನಿ. ಕಂಪ್ಯೂಟರದಾಗ ಒಂದ ಸಲ ಒತ್ತಿದ್ರ ಎಲ್ಲಾ ಅಳತಿ ದೊಡ್ಡದಾಗತಾವ. ಅಪ್ಪಗ ಆ ಹಿತ್ತಾಳಿ ಪಟ್ಟಿ ಮುಟ್ಟಬ್ಯಾಡ ಅಂತ ಹೇಳು. ಈ ಸಾದಾ ಪಟ್ಟಿ ಹಿಡದು ಅಳೀಲಿ. ಗೀಟ ದಪ್ಪ ಅದಾವ, ಕಾಣತಾವ."

"ಆ ಪಟ್ಟಿ ಸುದ್ದಿ ಮತ್ತ ಯಾಕ, ತಂಗಿ?"

"ಹೇಳು ಅಷ್ಟ. ಮರೀಬ್ಯಾಡ."

"ನೀನ ಹೇಳಬಾರದ?"

"ನಾ ಹೇಳಿದ್ರ ಅಂವ ಕೇಳೂದಿಲ್ಲ." ತ್ರಿವೇಣಿ ಚಪ್ಪಲಿ ಮೆಟ್ಟಿ ಓಡಿದಳು. ಎಳ್ಳು ಚಟಪಟ ಸಿಡಿಯತೊಡಗಿತ್ತು.

ಮಧ್ಯಾಹ್ನ ಬುತ್ತಿ ಕಟ್ಟುವಾಗ ಪದ್ಮವ್ವ ಆ ಉಕ್ಕಿನ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಹಿತ್ತಾಳೆಯದನ್ನು ಮುಟ್ಟಬೇಡ, ಇದನ್ನು ಹಿಡಿ. ಇದನ್ನು ಹೇಗೆ ಹೇಳಿದರೂ ಚುಚ್ಚುತ್ತದೆ ಎನಿಸಿತು ಅವಳಿಗೆ. ನಾಲ್ಕು ದಿನಕ್ಕೆ ಹಬ್ಬ. ಎಳ್ಳು ಬೆಲ್ಲ ಕೊಡುವ ನೆಪದಲ್ಲಾದರೂ ಇಬ್ಬರೂ ಮಾತಾಡಲಿ, ಆಮೇಲೆ ಮಗಳೇ ಹೇಳಿಕೊಳ್ಳುತ್ತಾಳೆ. ಪಟ್ಟಿಯನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದಳು. ನಕ್ಷೆಯನ್ನಷ್ಟೇ ಒಯ್ದಳು.

ರಾಮಲಿಂಗ ಅಂದು ಹಗುರಾಗಿದ್ದ. ಕಟ್ಟಿಗೆಯ ಹೊಟ್ಟು ಗುಡಿಸಿ, ಹಲಗೆ ಹೆರೆಯುವ ರಂದಾಕ್ಕೆ ಎಣ್ಣೆ ಹಾಕಿ, ಬಾಯಲ್ಲಿ ಭಜನೆಯ ಪದ ಗುನುಗುತ್ತಿದ್ದ. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ ನಾಲ್ಕೂ ಮೂಲೆಗೆ ಉಳಿ ಇಟ್ಟ.

"ಗೀಟ ಮಾತ್ರ ಛಲೋ ಹೊಡದಾಳ," ಎಂದ. ಮೂರು ವಾರಗಳಲ್ಲಿ ಮಗಳ ಬಗ್ಗೆ ಅವನು ಆಡಿದ ಮೊದಲ ಒಳ್ಳೆಯ ಮಾತು ಅದು. ಆಮೇಲೆ ಬಗ್ಗಿ ಅಂಕಿ ಓದಿದ. "ಒಂಬೈನೂರಾ ಒಂಬತ್ತು. ಇದೆಂಥಾ ಅಳತಿ? ಒಂಬೈನೂರು ಅಂತ ದುಂಡಗ ಬರೂದಿಲ್ಲೇನ ಆ ಡಬ್ಬಿಗೆ?"

ಅವನು ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಪದ್ಮವ್ವನ ಕೈ ಬುತ್ತಿಯ ಗಂಟಿನ ಮೇಲಿತ್ತು.

"ಏನಂತಾಳ ನಿನ್ನ ಮಗಳು?"

"ಏನಿಲ್ರಿ. ಅಪ್ಪ ಛಲೋ ಮಾಡತಾನ ಅಂದ್ಲು."

"ಓದಿದವರ ಅಳತಿ ಹಿಂಗ ಇರಬೇಕು," ಎಂದು ರಾಮಲಿಂಗ ನಕ್ಕ. ನಕ್ಷೆಯ ಮೂಲೆಯಲ್ಲಿ ಕುಗ್ಗಿನ ಬಗ್ಗೆ ಇಂಗ್ಲಿಷಿನ ಎರಡು ಸಾಲು ಇದ್ದವು. ಅವನಿಗೆ ಅಂಕಿ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ. ಮೊಳೆಯಿಂದ ಹಿತ್ತಾಳೆಯ ಪಟ್ಟಿ ತೆಗೆದು, ಹಣೆಗೆ ಮುಟ್ಟಿಸಿ, ಕಿಟಕಿಯ ಬೆಳಕಿಗೆ ಹಿಡಿದ.

ಸಂಕ್ರಾಂತಿಯ ದಿನ ತ್ರಿವೇಣಿ ಎಳ್ಳು ಬೆಲ್ಲವನ್ನು ಆಯಿ ಮಾಯಕ್ಕನಿಗೆ ಕೊಟ್ಟಳು, ತಾಯಿಗೆ ಕೊಟ್ಟಳು, ಅಪ್ಪನ ಪಾಲನ್ನು ಬಟ್ಟಲಲ್ಲಿ ಹಾಕಿ ಹೊಸ್ತಿಲ ಮೇಲಿಟ್ಟಳು. ಅವನು ದಾಟಿಕೊಂಡು ಹೋದ. ಇರುವೆ ಮುತ್ತಿದ ಮೇಲೆ ಪದ್ಮವ್ವ ಬಟ್ಟಲು ಎತ್ತಿಟ್ಟಳು. ಆ ಸಂಜೆ ಮಗಳು ಕೇಳಿದಳು, "ಪಟ್ಟಿ ಕೊಟ್ಟೆಲ್ಲ?" ಪದ್ಮವ್ವ ಒಲೆ ಊದುತ್ತಿದ್ದಳು. ಹೊಗೆಯೊಳಗಿಂದ ಹೂಂ ಅಂದಳು.

ನಾಳೆ ಹೇಳುತ್ತೇನೆ ಅಂದುಕೊಂಡಳು. ಮರುದಿನ ಎಮ್ಮೆ ಕರು ಹಾಕಿತು. ಅದರ ಮರುದಿನ ಮಾಯಕ್ಕನಿಗೆ ಜ್ವರ. ಶೆಡ್ಡಿಗೆ ಹೋದಾಗಲೆಲ್ಲ ಪ್ಯಾಟರ್ನ್ ಬೆಳೆಯುತ್ತಿತ್ತು. ಬೋಲ್ಟು ಕೂಡುವ ಕಿವಿಗಳು ಬಂದವು, ಮೂಲೆಗಳು ದುಂಡಗಾದವು. ಕೊನೆಗೆ ಕೆಂಪು ಬಣ್ಣ ಬಳಿದು ಒಣಗಲು ಇಟ್ಟಾಗ ಅದು ಎಷ್ಟು ಚಂದ ಇತ್ತೆಂದರೆ, ಅದರಲ್ಲಿ ತಪ್ಪು ಇರಬಹುದೆಂದು ಪದ್ಮವ್ವನಿಗೆ ಅನ್ನಿಸಲೇ ಇಲ್ಲ. ಮೂವತ್ತು ವರ್ಷದ ಕೈ, ತಪ್ಪಿದರೆ ಅದಕ್ಕೇ ತಿಳಿಯುತ್ತದೆ ಎಂದುಕೊಂಡಳು.

ಗನಿ ಸಾಹೇಬರೂ ಹಾಗೆಯೇ ತಿಳಿದಿದ್ದರು. ಬೇರೆಯವರ ಪ್ಯಾಟರ್ನ್ ಆದರೆ ಮೊದಲು ಒಂದು ಎರಕ ಹೊಯ್ದು, ಅಳೆದು, ಆಮೇಲೆ ಉಳಿದದ್ದು. ರಾಮಲಿಂಗನ ಪ್ಯಾಟರ್ನಿಗೆ ಆ ಪದ್ಧತಿ ಇರಲಿಲ್ಲ. ಅಳೆದರೆ ಮಿಸ್ತ್ರಿಗೆ ಅವಮಾನ ಎಂದು ಅವರ ತಂದೆಯ ಕಾಲದಿಂದಲೂ ಬಿಟ್ಟಿದ್ದರು. ನಲವತ್ತೂ ತಳಗಳನ್ನು ಒಂದೇ ವಾರದಲ್ಲಿ ಹೊಯ್ದು ಲಾರಿಗೆ ಹಾಕಿದರು.

ಹತ್ತು ದಿನಕ್ಕೆ ಲಾರಿ ಅದೇ ಮಾಲಿನೊಂದಿಗೆ ತಿರುಗಿ ಬಂತು.

ಸಾಹೇಬರು ಬಂದದ್ದು ಒಂದು ರವಿವಾರ, ಎಲ್ಲರೂ ಮನೆಯಲ್ಲಿದ್ದಾಗ. ಹೊರಸಿನ ಮೇಲೆ ಕೂಡಲಿಲ್ಲ.

"ಬೋಲ್ಟಿನ ಮ್ಯಾಲ ಒಂದೂ ಕುಂದರವೊಲ್ವು, ಮಿಸ್ತ್ರಿ. ಒಂಬತ್ತು ಮಿಲಿಮೀಟರ್ ಹೆಚ್ಚು." ಕಿರುಬೆರಳು ಎತ್ತಿ ಅದರ ದಪ್ಪ ತೋರಿಸಿದರು. "ಇಷ್ಟು."

"ನನ್ನ ಪಟ್ಟಿ ಮೂವತ್ತು ವರ್ಷ ತಪ್ಪಿಲ್ಲ, ಸಾಹೇಬ್ರ."

"ಪಟ್ಟಿ ತಪ್ಪಿಲ್ಲ. ನಕ್ಷೆನೂ ತಪ್ಪಿಲ್ಲ. ನಕ್ಷೆಯಾಗ ಕುಗ್ಗು ಕೂಡಿತ್ತು, ನಿಮ್ಮ ಪಟ್ಟಿಯಾಗ ಮತ್ತ ಕೂಡೇತಿ. ಎರಡ ಸಲ." ಅವರು ತ್ರಿವೇಣಿಯ ಕಡೆ ತಿರುಗಿದರು. "ಬೇಟಾ, ನೀ ಅಪ್ಪಗ ಹೇಳಿದ್ದಿಲ್ಲೇನ?"

ಪದ್ಮವ್ವ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ತ್ರಿವೇಣಿ ಅವಳನ್ನು ನೋಡಿದಳು. ಒಂದೇ ಕ್ಷಣ.

"ಇಲ್ರಿ ಚಾಚಾ," ಎಂದಳು ತ್ರಿವೇಣಿ. "ನಾನ ಮರತೆ."

ರಾಮಲಿಂಗ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಮಾಯಕ್ಕ ಅಂದಳು, "ಒಂದ ಮನ್ಯಾಗ ಉಂಡು, ಒಂದ ಸೂರಿನ ಕೆಳಗ ಮಲಗಿ, ಒಂದ ಮಾತ ಮರತೀಯಾ? ಹೆಣ್ಣ ಬುದ್ಧಿ ಮಶೀನದಾಗ ಹೋತು."

ಸಾಹೇಬರು ಹೋದ ಮೇಲೆ ಪದ್ಮವ್ವ ಮಗಳ ತೋಳು ಹಿಡಿದು ಹಿತ್ತಲಿಗೆ ಎಳೆದಳು.

"ಯಾಕ ಸುಳ್ಳ ಹೇಳಿದಿ?"

"ನೀನೂ ಹೂಂ ಅಂದಿದ್ದಿ, ಅವ್ವ."

"ನೀವಿಬ್ಬರೂ ಮತ್ತ ಜಗಳಾಡತೀರಿ ಅಂತ..."

"ಗೊತ್ತಾತು." ತ್ರಿವೇಣಿ ಒಗೆದ ಬಟ್ಟೆಯೊಂದನ್ನು ತಂತಿಯಿಂದ ತೆಗೆದು ಮಡಚತೊಡಗಿದಳು. "ನಿನ್ನ ಹೆಸರ ಹೇಳಿ ಏನ ಮಾಡ್ಲಿ? ಅಪ್ಪ ನಿನ್ನ ಜೋಡಿನೂ ಮಾತ ಬಿಟ್ರ, ಈ ಮನ್ಯಾಗ ಯಾರು ಯಾರ ಜೋಡಿ ಮಾತಾಡೂದು?"

ಗುರುವಾರ ಕೇಂದ್ರದವರು ಅವಳನ್ನು ಕೆಲಸದಿಂದ ಬಿಡಿಸಿದರು. ಅವಳು ಚೀಲದಲ್ಲಿ ತನ್ನ ನೀರಿನ ಬಾಟಲಿ, ಒಂದು ರಬ್ಬರು, ಅರ್ಧ ಪೆನ್ಸಿಲು ಹಾಕಿಕೊಂಡು ಮಧ್ಯಾಹ್ನದ ಬಸ್ಸಿಗೇ ಬಂದಳು.

ಮರುದಿನ ಪದ್ಮವ್ವ ಬುತ್ತಿಯ ಜೊತೆ ಆ ಉಕ್ಕಿನ ಪಟ್ಟಿಯನ್ನೂ ತೆಗೆದುಕೊಂಡು ಶೆಡ್ಡಿಗೆ ಹೋದಳು. ಪಟ್ಟಿಯ ಮೇಲೆ ಹಿಟ್ಟು ಕೂತಿತ್ತು. ಸೆರಗಿನಿಂದ ಒರೆಸಿ ಗಂಡನ ಮುಂದಿಟ್ಟಳು. ಎಲ್ಲವನ್ನೂ ಹೇಳಿದಳು. ಈ ಸಲ ಒಂದು ಹರಳನ್ನೂ ಆರಿಸಲಿಲ್ಲ.

ರಾಮಲಿಂಗ ಪಟ್ಟಿಯ ದಪ್ಪ ಗೀಟುಗಳ ಮೇಲೆ ಹೆಬ್ಬೆರಳು ಸವರಿದ. ತಲೆಯೆತ್ತದೆ ಕೇಳಿದ, "ನನ್ನ ಕಣ್ಣಿನ ಕಾಳಜಿ ಮಾಡತಾಳ ಅಂದಿದ್ದೆಲ್ಲ, ಅದು ಅಕಿ ಅಂದಿದ್ದೋ, ನೀ ಅಂದಿದ್ದೋ?"

"ನಾ..."

"ಅಪ್ಪ ಛಲೋ ಮಾಡತಾನ ಅಂದ್ಲಂತ ಹೇಳಿದಿ. ಅದು?"

"ಅದೂ ನಾನ ಹೇಳಿದ್ದು."

"ಹಂಗಾರ ಅಕಿ ಇಷ್ಟ ದಿನಾ ನನಗ ಏನ ಹೇಳ್ಯಾಳ ಅಂತ ನನಗ ಗೊತ್ತ ಇಲ್ಲ." ಅವನು ಬುತ್ತಿಯ ಮುಚ್ಚಳ ತಿರುಗಿ ಮುಚ್ಚಿದ. "ನೀ ಅವತ್ತ ಹೇಳಿದ್ರೂ ನಾ ಕೇಳತಿದ್ದೆನೋ ಇಲ್ಲೋ. ಅದೂ ಗೊತ್ತಾಗಲಿಲ್ಲ ಈಗ."

"ಸಾಹೇಬರಿಗೆ ಹೇಳೂಣ್ರಿ. ಹುಡಿಗಿದು ತಪ್ಪಿಲ್ಲ ಅಂತ."

"ಏನಂತ ಹೇಳ್ಲಿ? ನನ್ನ ಮಗಳ ಕೂಡ ನಾ ಮಾತಾಡೂದಿಲ್ಲ ಅಂತ ಹೇಳ್ಲಿ?"

ಅವನು ಹೋಗುವುದಿಲ್ಲ ಎಂದು ತಿಳಿದು ಸೋಮವಾರ ಪದ್ಮವ್ವನೇ ಬೆಳಗಾವಿಯ ಬಸ್ಸು ಹತ್ತಿ ಮಚ್ಛೆಯಲ್ಲಿ ಇಳಿದಳು. ದಾರಿಯಲ್ಲಿ ಡ್ರಾಯಿಂಗ್ ಕೇಂದ್ರದ ಕಿಟಕಿಯಲ್ಲಿ ಇಣುಕಿದಳು. ಮಗಳ ಕುರ್ಚಿಯಲ್ಲಿ ಬೇರೊಬ್ಬ ಹುಡುಗಿ ಕುಳಿತಿದ್ದಳು. ಕುರ್ಚಿಯ ಬೆನ್ನಿಗೆ ತ್ರಿವೇಣಿ ಹೆಣೆದು ಹಾಕಿದ್ದ ಉಣ್ಣೆಯ ಹೊದಿಕೆ ಹಾಗೇ ಇತ್ತು.

ಫೌಂಡ್ರಿಯ ಅಂಗಳದಲ್ಲಿ ಇಬ್ಬರು ಆಳುಗಳು ದೊಡ್ಡ ಸುತ್ತಿಗೆಯಿಂದ ಪಂಪಿನ ತಳಗಳನ್ನು ಒಡೆಯುತ್ತಿದ್ದರು. ಮತ್ತೆ ಕರಗಿಸಲಿಕ್ಕೆ. ಗನಿ ಸಾಹೇಬರು ಅವಳನ್ನು ಒಳಗೆ ಕೂಡಿಸಿ ಚಹಾ ತರಿಸಿದರು. ಪೂರ್ತಿ ಕೇಳಿಸಿಕೊಂಡರು. ಹೊರಗಿನ ಒಂದೊಂದು ಹೊಡೆತಕ್ಕೂ ಅವಳ ಮಾತು ತಡೆಯುತ್ತಿತ್ತು.

"ಅಕ್ಕಾವ್ರ," ಎಂದರು ಕೊನೆಗೆ, "ಹುಡಿಗಿ ಸುಳ್ಳ ಹೇಳತಾಳಂತ ನನಗ ಅವತ್ತ ಅನಿಸಿತ್ತು. ಕೇಂದ್ರದಾಗ ನಾ ಒಬ್ಬ, ಉಳದವರು ಹದಿಮೂರು ಮಂದಿ. ಹ್ವಾದ ಸೋಮವಾರ ನಮ್ಮ ಹುಡುಗರು ನಕ್ಷೆ ಕೊಲ್ಲಾಪುರಕ್ಕ ಕೊಟ್ಟಾರ. ನಿನ್ನೆ ಪ್ಯಾಟರ್ನ್ ಬಂತು. ಅಳದು ನೋಡಿದೆ. ಸರಿ ಐತಿ."

"ಅದ ಮಿಸ್ತ್ರಿ ಕೈಹಂಗ ಚಂದ ಐತೇನ್ರಿ?"

"ಚಂದ ಇಲ್ಲ. ಸರಿ ಐತಿ." ಸಾಹೇಬರು ಕಪ್ಪಿನ ತಳ ನೋಡಿದರು. "ಅಲ್ಲಿ ಯಾರೂ ಯಾರಿಗೂ ಏನೂ ಹೇಳೂದ ಇಲ್ಲಕ್ಕಾವ್ರ. ಕಂಪ್ಯೂಟರ್ ಹೇಳತೈತಿ, ಮಶೀನ ಕೊರೀತೈತಿ."

ಹೊರಡುವಾಗ ಅವರು ರಾಮಲಿಂಗನ ಕೆಂಪು ಪ್ಯಾಟರ್ನನ್ನು ಗೋಣಿಚೀಲದಲ್ಲಿ ಸುತ್ತಿಸಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತಳು. ಕಂಡಕ್ಟರ್ ಅದಕ್ಕೂ ತಿಕೀಟು ಹರಿದ.

ಫೆಬ್ರವರಿಯ ಕೊನೆಗೆ ರಾಮಲಿಂಗ ಶೆಡ್ಡಿನ ಕೀಲಿಯನ್ನು ಮಾಲೀಕನಿಗೆ ಕೊಟ್ಟ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಅಲ್ಲಿ ಬಾಗಿಲು ಚೌಕಟ್ಟು ಕೂಡಿಸುವ ದಿನಗೂಲಿ ಸಿಕ್ಕಿತು. ತ್ರಿವೇಣಿಗೆ ಅದೇ ಊರಿನ ಕ್ಯಾಂಪ್ ಭಾಗದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಇಬ್ಬರಿಗೂ ಒಂದೇ ಬಸ್ಸು, ಏಳು ಗಂಟೆಯದು.

ಹಿತ್ತಾಳೆಯ ಪಟ್ಟಿ ಈಗ ಗೂಡಿನಲ್ಲಿದೆ, ಅರಿವೆಯಲ್ಲಿ ಸುತ್ತಿ. ಚೌಕಟ್ಟಿಗೆ ಅದರ ಕೆಲಸವಿಲ್ಲ. ಕೆಲಸಕ್ಕೆ ಹೋದ ಮೊದಲ ದಿನ ರಾಮಲಿಂಗ ಉಳಿ, ರಂದಾ ಚೀಲಕ್ಕೆ ಹಾಕಿ, ಸ್ವಲ್ಪ ನಿಂತು, ಆ ಉಕ್ಕಿನ ಪಟ್ಟಿಯನ್ನೂ ಹಾಕಿಕೊಂಡ. ತ್ರಿವೇಣಿ ನೋಡಿದಳು. ನೋಡಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು.

ಪದ್ಮವ್ವ ಐದಕ್ಕೆ ಎದ್ದು ಎರಡು ಬುತ್ತಿ ಕಟ್ಟುತ್ತಾಳೆ. ಯಾರು ಏನು ಹೇಳಿದರೂ ಅಕ್ಷರ ಬಿಡದೆ ಮುಟ್ಟಿಸಬೇಕೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದಾಳೆ. ಬೈಗುಳವಾದರೆ ಬೈಗುಳವನ್ನೇ. ಬುತ್ತಿ ಕೊಡುವಾಗ ಇಬ್ಬರ ಮುಂದೆಯೂ ಸ್ವಲ್ಪ ನಿಲ್ಲುತ್ತಾಳೆ. ರಾಮಲಿಂಗ ಬುತ್ತಿ ತೆಗೆದುಕೊಂಡು ಹೊಸ್ತಿಲು ದಾಟುತ್ತಾನೆ. ಇಪ್ಪತ್ತು ಹೆಜ್ಜೆ ಬಿಟ್ಟು ತ್ರಿವೇಣಿ ಹೋಗುತ್ತಾಳೆ. ಅವನು ಬಸ್ಸಿನ ಮುಂದಿನ ಬಾಗಿಲಿನಿಂದ ಹತ್ತಿದರೆ ಅವಳು ಹಿಂದಿನಿಂದ.

ಇಂದೂ ಬಸ್ಸಿನ ಹೊಗೆ ಆರುವ ತನಕ ನೋಡಿ ಪದ್ಮವ್ವ ಒಳಗೆ ಬಂದಳು.

"ಏನಂದ್ರು?" ಎಂದಳು ಮಾಯಕ್ಕ ಕಂಬಳಿಯೊಳಗಿಂದ.

"ಏನೂ ಅನ್ನಲಿಲ್ರಿ, ಅತ್ತಿ."